ಕಾಫಿ ಕುಡಿದರೆ ಮಾತ್ರ ಸುದ್ದಿ

ನಮ್ಮ ಮನೆಯ ಗೋಡೆಯ ಬೋರ್ಡಿನ ಮೇಲೆ ಊರಿನ ಸುದ್ದಿ ಬರೆಸಬೇಕಾದರೆ ಮೊದಲು ಒಳಗೆ ಬಂದು, ಚಾಪೆಯ ಮೇಲೆ ಕೂತು, ನಮ್ಮಮ್ಮ ಕೊಟ್ಟ ಕಾಫಿ ಕುಡಿಯಬೇಕಿತ್ತು. ಕುಡಿಯದವರ ಸುದ್ದಿ ಎಷ್ಟೇ ದೊಡ್ಡದಾಗಿದ್ದರೂ ಬೋರ್ಡಿಗೆ ಏರುತ್ತಿರಲಿಲ್ಲ. ಬರೆಯುವವಳು ನಾನು. ಆಗ ನನಗೆ ಹನ್ನೊಂದು ವರ್ಷ. ಅಕ್ಷರ ದುಂಡಗಿತ್ತು, ಜಂಬವೂ ಅಷ್ಟೇ ದುಂಡಗಿತ್ತು. ಮುಂದೆ ಮೂವತ್ತು ವರ್ಷ ಜಯನಗರದ ಸ್ಕೂಲೊಂದರಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ಪಾಠ ಹೇಳಿದೆನಲ್ಲ, ಅದಕ್ಕೆ ಬಿ.ಎಡ್. ಓದಿದ್ದು ನೆಪ. ಕೈ ಪಳಗಿದ್ದು ಆ ಗೋಡೆಯ ಮೇಲೆಯೇ.

ಕನಕಪುರ ರಸ್ತೆಯ ಜರಗನಹಳ್ಳಿ ಸ್ಟಾಪಿನಲ್ಲಿ ಬಸ್ಸಿಳಿದು ಹುಣಸೆಮರದ ಪಕ್ಕದ ಓಣಿ ಹಿಡಿದರೆ ಊರು. ಊರು ಮುಗಿದ ಮೇಲೆ ರಾಗಿಹೊಲ, ಹೊಲದ ಬದುವಿಗೆ ನಮ್ಮ ಕೇರಿ. ಹನ್ನೆರಡು ಮನೆ, ಒಂದು ಸೇದುವ ಬಾವಿ, ಒಂದು ಬೇವಿನಮರ. ಈಗ ಅಲ್ಲಿ ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ ಎಂದು ತೋರಿಸಲು ನನ್ನಿಂದಲೂ ಆಗುವುದಿಲ್ಲ. ಹೊಲವೆಲ್ಲ ಜೆ.ಪಿ. ನಗರದ ಯಾವುದೋ ಫೇಸಾಗಿ, ಬಾವಿಯಿದ್ದ ಕಡೆ ಹಲ್ಲಿನ ಡಾಕ್ಟರು ಕೂತಿದ್ದಾರೆ. ನಮ್ಮದು ಎರಡು ಅಂಕಣದ ನಾಡಹೆಂಚಿನ ಮನೆ. ಮುಂದಿನ ಕೋಣೆಯಲ್ಲಿ ಅಮ್ಮ ಹಗಲೆಲ್ಲ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅವಳ ಅಂಗೈ ಸದಾ ಕಪ್ಪು, ಮನೆಯೆಲ್ಲ ಸದಾ ಘಮಘಮ. ನಾವು ತಿನ್ನುತ್ತಿದ್ದ ಮುದ್ದೆಗೂ ಹುರುಳಿಕಾಳಿನ ಬಸ್ಸಾರಿಗೂ ಗಂಧದ ವಾಸನೆ ಅಂಟಿಕೊಂಡಿರುತ್ತಿತ್ತು. ನೆಂಟರು ಮೂಗು ಮುರಿಯುತ್ತಿದ್ದರು, ನಮಗೆ ಅದೇ ಊಟದ ವಾಸನೆ. ಹಿಂದಿನ ಕೋಣೆ ಅಡಿಗೆಗೆ. ಅಲ್ಲಿನ ಗೂಡಿನಲ್ಲಿ ತಾತನ ಮುನೇಶ್ವರನೂ ಅಪ್ಪ ತಂದಿಟ್ಟ ಬುದ್ಧನ ಪಟವೂ ಅಕ್ಕಪಕ್ಕ. ತಾತ ಬೆಳಗ್ಗೆ ಮುನೇಶ್ವರನಿಗೆ ಕುಂಕುಮ ಇಟ್ಟು, ಪಕ್ಕದಲ್ಲಿರುವವನನ್ನು ಬಿಡಬಾರದೆಂದು ಬುದ್ಧನ ಹಣೆಗೂ ಒಂದು ಬೊಟ್ಟು ಒತ್ತುತ್ತಿದ್ದ. ಅಪ್ಪ ಫ್ಯಾಕ್ಟರಿಗೆ ಹೊರಡುವ ಮುಂಚೆ ಅದನ್ನು ಒರೆಸುತ್ತಿದ್ದ. ಈ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತು, ತಾತ ಇರುವ ತನಕ ನಡೆಯಿತು.

ತಾತನ ಹೆಸರು ಮುನಿಯಪ್ಪ. ಅಪ್ಪನ ಅಪ್ಪ. ಊರಿನ ಸುದ್ದಿ ಸಾರುವುದು ಅವನ ಕೆಲಸ. ಅವನಿಗಿಂತ ಮೊದಲು ಅವನ ಅಪ್ಪನದು. ಕಂದಾಯ ಕಟ್ಟುವ ದಿನ, ಕೆರೆಗೆ ಮಣ್ಣು ಹೊರುವ ದಿನ, ಯಾರದೋ ಎಮ್ಮೆ ತಪ್ಪಿಸಿಕೊಂಡ ದಿನ, ಎಲ್ಲವನ್ನೂ ತಮಟೆ ಬಡಿದು ಬೀದಿಬೀದಿಗೆ ಹೇಳಬೇಕು. ಸಾರುವ ಮುಂಚೆ ಅಂಗಳದಲ್ಲಿ ಹಿಡಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದ. ಅದು ಟಣ್ ಎನ್ನುವ ತನಕ ಬೆರಳಲ್ಲಿ ತಟ್ಟಿ ನೋಡುತ್ತಿದ್ದ. ಒಂದೊಂದು ಸುದ್ದಿಗೆ ಒಂದೊಂದು ಬಡಿತ. ಬಾಗಿಲು ಹಾಕಿಕೊಂಡು ಒಳಗಿದ್ದವರಿಗೂ ಅದು ಕಂದಾಯವೋ ಎಮ್ಮೆಯೋ ಎಂದು ತಿಳಿಯುತ್ತಿತ್ತು. ಸಾವಿನ ಸುದ್ದಿಗೆ ಮಾತ್ರ ತಮಟೆ ಇಲ್ಲ. ಮನೆಮನೆಗೆ ನಡೆದು, ಹೊಸಿಲಿನಾಚೆ ನಿಂತು, ಮೆಲ್ಲಗೆ ಹೇಳಬೇಕು. ದೂರದ ನೆಂಟರಿದ್ದರೆ ಅವರ ಊರಿಗೂ ನಡೆಯಬೇಕು. ಸತ್ತವಳು ಹೆಂಗಸಾದರೆ ಮೊದಲು ಹೋಗಬೇಕಾದ್ದು ತವರಿಗೆ. ತವರಿನವರು ಬಂದು ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಯಾರ ತವರು ಎಲ್ಲಿ, ಯಾರಿಗೆ ಯಾರ ಮೇಲೆ ಮುನಿಸು, ಯಾರಿಗೆ ಕೊನೆಗೆ ಹೇಳಿದರೆ ರಂಪ ಮಾಡುತ್ತಾರೆ, ಇದೆಲ್ಲ ತಾತನ ತಲೆಯಲ್ಲಿತ್ತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಊರಿನ ಅಷ್ಟೂ ಜನರನ್ನು ಅವನಷ್ಟು ಚೆನ್ನಾಗಿ ಓದಿಕೊಂಡವರನ್ನು ನಾನು ಇವತ್ತಿಗೂ ನೋಡಿಲ್ಲ. ಅವನ ದನಿ ಎಂದರೆ ನನಗೆ ಪ್ರಾಣ. ಅವನು ಸಾರುತ್ತಾ ಹೋದರೆ ನಾನು ಹಿಂದೆ ಹಿಂದೆ ಓಡುತ್ತಿದ್ದೆ.

ಹಾಗೆ ಓಡಿದ್ದರಿಂದಲೇ ಅವನ ಕೆಲಸ ಹೋಯಿತು. ಒಂದು ಸಲ ದೊಡ್ಡಮನೆಗೆ ಹೋಗಿದ್ದೆವು. ಊರಿನ ಅರ್ಧ ಹೊಲ ಆ ಮನೆಯವರದು. ಆ ಮನೆಯ ಹಿರಿಯಾಕೆಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ತಾತ ಜಗಲಿಯ ಕೆಳಗೆ ನಿಂತು ಸುದ್ದಿ ಹೇಳಿದ. ದೊಡ್ಡಮ್ಮ ಅವನ ಮಂಡಿನೋವು ವಿಚಾರಿಸಿದರು. ಆಮೇಲೆ ತಾತ ಹಿತ್ತಿಲ ಸೂರಿಗೆ ಸಿಕ್ಕಿಸಿದ್ದ ತೆಂಗಿನ ಚಿಪ್ಪನ್ನು ತಾನೇ ತೆಗೆದುಕೊಂಡು ಬಂದು ಹಿಡಿದ. ಆಕೆ ಮೇಲಿಂದ ಕಾಫಿ ಹೊಯ್ದರು. ಕುಡಿದು, ತೊಳೆದು, ಮತ್ತೆ ಸೂರಿಗೇ ಸಿಕ್ಕಿಸಿದ. ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ.

"ಅಪ್ಪಾ, ದೊಡ್ಡಮನೇಲಿ ತಾತನ ಲೋಟ ಯಾಕೆ ಸೂರಿಗೆ ಸಿಕ್ಸಿರ್ತಾರೆ?"

ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಆ ಚಿಪ್ಪು ಯಾವತ್ತೋ ಹೋಗಿದೆ ಎಂದು ಅವನು ತಿಳಿದುಕೊಂಡಿದ್ದನಂತೆ. ತಾತನೇ ಹಾಗೆ ಹೇಳಿದ್ದನಂತೆ. ಅಪ್ಪ ತಾತನ ಕಡೆ ತಿರುಗಿದ.

"ಇನ್ ಮೇಲೆ ನೀನು ಯಾರ ಮನೆ ಮುಂದೇನೂ ನಿಂತ್ಕೊಳ್ಳಂಗಿಲ್ಲ ಕಣಪ್ಪ. ತಮಟೆ ಮುಟ್ಟಂಗಿಲ್ಲ. ನನ್ ಮಕ್ಕಳು ಇದನ್ನ ನೋಡ್ಕೊಂಡು ಬೆಳೆಯೋದು ಬೇಡ."

"ಊರ್ಗೆ ಸುದ್ದಿ ಯಾರ್ ಹೇಳ್ತಾರ್ಲಾ?"

"ಬೇಕಾದವರು ಬಂದು ಕೇಳ್ಕೊಳ್ಲಿ."

ಮಾರನೆಯ ದಿನವೇ ತಮಟೆ ಅಟ್ಟಕ್ಕೆ ಹೋಯಿತು. ಬೇವಿನಮರದ ಕೆಳಗೆ ಕೂತ ತಾತ ಊಟಕ್ಕೆ ಕರೆದರೂ ಏಳಲಿಲ್ಲ. ಅಪ್ಪ ಮಾಡಿದ್ದು ಸರಿ ಎಂದು ನನಗೆ ಈಗ ಗೊತ್ತು. ಆಗ ಮಾತ್ರ ಅಪ್ಪನ ಮೇಲೆ ಸಿಟ್ಟು, ನನ್ನ ನಾಲಿಗೆಯ ಮೇಲೆ ಇನ್ನೂ ಸಿಟ್ಟು. ಬೀದಿಯಲ್ಲಿ ದನಿ ಎತ್ತಿ ನಡೆಯುತ್ತಿದ್ದ ಮನುಷ್ಯ ಮನೆಯಲ್ಲಿ ಕೆಮ್ಮುವುದಕ್ಕೂ ಹಿಂಜರಿಯತೊಡಗಿದ್ದ. ಎರಡು ವಾರ ನೋಡಿದ ಅಪ್ಪನಿಗೂ ಕರುಳು ಚುರ್ ಎಂದಿರಬೇಕು. ಫ್ಯಾಕ್ಟರಿಗೆ ಮೆಷೀನು ಬಂದಿದ್ದ ಪೆಟ್ಟಿಗೆಯ ಹಲಗೆಗಳನ್ನು ಕೇಳಿ ತಂದು ಜೋಡಿಸಿದ. ಸವೆದ ಬ್ಯಾಟರಿ ಸೆಲ್ಲುಗಳನ್ನು ಒಡೆದು, ಮಸಿ ಅರೆದು ಬಳಿದ. ಮನೆಯ ಹೊರಗೋಡೆಗೆ ಮೊಳೆ ಹೊಡೆದು ಬೋರ್ಡು ನಿಲ್ಲಿಸಿದ. ತಾತ ಹೇಳಬೇಕು, ನಾನು ಬರೆಯಬೇಕು, ಊರಿನವರು ಬಂದು ಓದಬೇಕು.

ಕಾಫಿಯ ಕಟ್ಟಳೆ ಅಮ್ಮನದು. ಅವಳು ಜಗಳಗಂಟಿಯಲ್ಲ, ಆದರೆ ಒಂದು ಮಾತು ಹಿಡಿದಳೆಂದರೆ ಉಡದ ಪಟ್ಟು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಗೆ ಬಂದಾಗ ಅಪ್ಪನ ಎರಡು ಜೊತೆ ಯೂನಿಫಾರಂ ಕೊಟ್ಟು ಆರು ಸ್ಟೀಲ್ ಲೋಟ ತೆಗೆದುಕೊಂಡಳು. ಅದರಲ್ಲಿ ಒಂದು ಪ್ಯಾಂಟು ಅಷ್ಟೇನೂ ಹಳೆಯದಾಗಿರಲಿಲ್ಲ. ಅಪ್ಪ ಅದನ್ನು ತಿಂಗಳುಗಟ್ಟಲೆ ಹುಡುಕಿದ.

"ನಮ್ ಮಾವ ನಲವತ್ತು ವರ್ಷ ಅವರ್ ಬಾಗ್ಲಲ್ಲಿ ನಿಂತ್ಕೊಂಡು ಸುದ್ದಿ ಹೇಳವ್ರೆ. ಈಗ ಅವರು ನಮ್ಮನೇಲಿ ಕೂತ್ಕೊಂಡು ಹೇಳ್ಲಿ. ಕಾಫಿ ಕುಡೀಲಿ. ಆಮೇಲ್ ಬರಿ."

ಯಾರೂ ಬರುವುದಿಲ್ಲ ಎಂದು ಕೇರಿಯವರೆಲ್ಲ ನಕ್ಕರು. ಮೊದಲ ವಾರ ಬೋರ್ಡಿನ ಮೇಲೆ ನನ್ನದೇ ಸುದ್ದಿ: 'ನಮ್ಮ ಮನೆಯ ಕೋಳಿ ಏಳು ಮರಿ ಮಾಡಿದೆ.' ಎರಡನೆಯ ವಾರ ಸ್ಕೂಲು ಮೇಷ್ಟ್ರು ಬಂದರು. ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ ತಿಳಿಸಬೇಕಿತ್ತು. ಅವರು ಬೆಲ್ಲದ ಕಾಫಿಯನ್ನು ಸೊರ್ ಎಂದು ಕುಡಿದು, ಲೋಟ ಕೆಳಗಿಟ್ಟು, ಚೆನ್ನಾಗಿದೆ ಎಂದಾಗ ಅಮ್ಮ ಒಳಗೆ ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ರೇಷನ್ ಡಿಪೋದವರು ಬಂದರು, ಏಕೆಂದರೆ ಸಕ್ಕರೆ ಬಂದಿರುವುದು ತಿಳಿಯದೆ ಜನ ದಿನಾ ಬಂದು ಪ್ರಾಣ ತಿನ್ನುತ್ತಿದ್ದರು. ಎಮ್ಮೆ ಕಳೆದುಕೊಂಡವರಿಗಂತೂ ಜಾತಿಗಿಂತ ಎಮ್ಮೆ ದೊಡ್ಡದು, ಚಾಪೆಯ ಮೇಲೆ ಕೂತ ಕೂಡಲೇ ಗಟಗಟ ಕುಡಿದು ಬರೆಸಿ ಹೋಗುತ್ತಿದ್ದರು. ನೆಪ ಹೇಳುವವರೂ ಇದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಅಮ್ಮ ಅವರಿಗೆಂದೇ ಬೆಲ್ಲ ಹಾಕದ ಕಾಫಿ ಮಾಡಿದಳು. ಇನ್ನೊಬ್ಬರಿಗೆ ಹಾಲು ಆಗುವುದಿಲ್ಲ, ಅವರಿಗೆ ಕರೀ ಕಾಫಿ. ಅಂಗಡಿ ಶೆಟ್ಟರು ಹಲ್ಲುನೋವು ಎಂದಾಗ ಲೋಟವನ್ನು ನೀರಿನ ಬಟ್ಟಲಲ್ಲಿಟ್ಟು ತಣ್ಣಗೆ ಮಾಡಿ ತಂದಳು. ಶೆಟ್ಟರು ನಕ್ಕೇಬಿಟ್ಟರು.

"ನಿನ್ ಜೊತೆ ಆಗಲ್ಲಮ್ಮ. ಕೊಡು ಇಲ್ಲಿ."

ತಾತನ ದನಿ ನಿಧಾನವಾಗಿ ವಾಪಸು ಬಂತು. ಓದಲು ಬಾರದವರು ಬೋರ್ಡಿನ ಮುಂದೆ ನಿಂತು ಮಿಕಮಿಕ ನೋಡುತ್ತಿದ್ದರೆ, ಅವನು ಅಂಗಳದ ಕಲ್ಲುಚಪ್ಪಡಿಯ ಮೇಲೆ ಕೂತಲ್ಲಿಂದಲೇ ಬರೆದದ್ದನ್ನೆಲ್ಲ ಓದಿದವನ ಹಾಗೆ ಹೇಳುತ್ತಿದ್ದ. ಹೇಳಿಕೊಟ್ಟವನೇ ಅವನಲ್ಲವೇ, ಸಾಲು ಸಾಲೂ ಬಾಯಲ್ಲೇ ಇರುತ್ತಿತ್ತು. ನಾನು ಬರೆದದ್ದು ಉದ್ದವಾದರೆ ಬೈಯುತ್ತಿದ್ದ. ಮೊದಲು ಯಾವತ್ತು ಎಂದು ಬರಿ, ಆಮೇಲೆ ಎಲ್ಲಿ, ಆಮೇಲೆ ಯಾರು, ಗಂಟಲು ಹಾಳುಮಾಡಿಕೊಳ್ಳುವ ಹಾಗೆ ಬರೆಯಬೇಡ ಎನ್ನುತ್ತಿದ್ದ. ಈಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪಿನಲ್ಲಿ ನೀರು ನಿಲ್ಲುತ್ತದೆ ಎಂಬ ಒಂದು ಸುದ್ದಿಯನ್ನು ಇಪ್ಪತ್ತು ಸಾಲು ಎಳೆದು, ಯಾವತ್ತು ಎಂಬುದನ್ನೇ ಬಿಟ್ಟಿರುತ್ತಾರೆ. ಓದುವಾಗಲೆಲ್ಲ ತಾತ ಇದ್ದಿದ್ದರೆ ಎಂದುಕೊಳ್ಳುತ್ತೇನೆ.

ದೊಡ್ಡಮನೆಯಿಂದ ಮಾತ್ರ ಯಾರೂ ಬರಲಿಲ್ಲ. ಒಂದು ವರ್ಷ ಕಳೆಯಿತು. ಅವರ ಮನೆಯಲ್ಲಿ ಒಂದು ನಾಮಕರಣ ಆಯಿತು, ಒಂದು ಗೃಹಪ್ರವೇಶವಾಯಿತು, ಯಾವುದೂ ಬೋರ್ಡಿಗೆ ಬರಲಿಲ್ಲ. ತಾತ ಬಾಯಿಬಿಟ್ಟು ಹೇಳದಿದ್ದರೂ ಅವನು ಕಾಯುತ್ತಿದ್ದದ್ದು ಆ ಮನೆಯವರನ್ನೇ. ಓಣಿಯ ತುದಿಯಲ್ಲಿ ಬಿಳಿ ಪಂಚೆ ಕಂಡರೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಮ್ಮನೂ ಕಾಯುತ್ತಿದ್ದಳು, ಆದರೆ ಅದರ ರೀತಿ ಬೇರೆ. ಆರನೆಯ ಲೋಟವನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜಿ ಪಳಪಳ ಮಾಡಿ ಬೋರಲು ಇಟ್ಟಿರುತ್ತಿದ್ದಳು.

ಒಂದು ಬೆಳಗ್ಗೆ, ನಾನು ಸ್ಕೂಲಿಗೆ ಅಮ್ಮನ ಕೈಲಿ ಜಡೆ ಹಾಕಿಸಿಕೊಳ್ಳುತ್ತಿದ್ದಾಗ, ದೊಡ್ಡಮ್ಮನ ಮಗ ತಮ್ಮಣ್ಣನವರು ನಮ್ಮ ಅಂಗಳದಲ್ಲಿ ಬಂದು ನಿಂತರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮುನಿಯಾ, ಅಮ್ಮ ಹೋಗ್ಬಿಟ್ಲು ಕಣೋ."

ತಾತ ಎದ್ದು ನಿಂತ. ಆಮೇಲೆ ಕೇಳಿದ.

"ತವರಿಗೆ ಹೇಳ್ ಕಳಿಸಿದ್ರಾ?"

"ಇನ್ನೂ ಇಲ್ಲ. ತಲೇನೇ ಓಡ್ತಿಲ್ಲ."

"ಮೊದ್ಲು ಅಲ್ಲಿಗೆ ಕಳಿಸಿ. ಅವರಣ್ಣನ ಮನೆಗಿಂತ ಮುಂಚೆ ತಮ್ಮನ ಮನೆಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ."

ಅಷ್ಟರಲ್ಲಿ ಅಮ್ಮ ಆ ಪಳಪಳ ಲೋಟದಲ್ಲಿ ಕಾಫಿ ತಂದು ಹೊಸಿಲ ಮೇಲೆ ನಿಂತಿದ್ದಳು.

"ಒಳಕ್ಕೆ ಬನ್ನಿ. ಕಾಫಿ ಕುಡೀರಿ."

ತಮ್ಮಣ್ಣನವರು ಅವಳನ್ನೇ ನೋಡಿದರು.

"ಮನೇಲಿ ಹೆಣ ಇಟ್ಕೊಂಡು ಕಾಫಿ ಕುಡಿಯಕ್ಕಾಗತ್ತಾ ತಾಯಿ?"

ಅಮ್ಮ ಕದಲಲಿಲ್ಲ. ಅವಳ ಮಟ್ಟಿಗೆ ಇದೂ ಸಕ್ಕರೆ ಕಾಯಿಲೆಯಂಥ, ಹಲ್ಲುನೋವಿನಂಥ ಇನ್ನೊಂದು ನೆಪ. ಒಂದು ವರ್ಷ ಕಾದ ಮೇಲೆ ಬಂದವರು ಅದೇ ಚಾಳಿ ತೋರಿಸುತ್ತಿದ್ದಾರೆ. ತಾತ ನನ್ನ ಕಡೆ ತಿರುಗಿದ.

"ಬರಿ ಮಗ."

"ಕುಡೀದೆ ಬರೆಯೋ ಹಂಗಿಲ್ಲ ಮಾವ" ಎಂದಳು ಅಮ್ಮ.

"ಹೆಣ ಎತ್ತೋ ತನಕ ಮಕ್ಕಳು ಬಾಯಿಗೆ ನೀರೂ ಹಾಕಾಕಿಲ್ಲ ಕಣವ್ವ. ನಮ್ಮಲ್ಲೂ ಹಂಗೇ ಅಲ್ವಾ? ಅವರು ನಿಜ ಹೇಳ್ತಾವ್ರೆ."

ಅರ್ಧ ಜಡೆಯಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಾನು ಇಬ್ಬರ ನಡುವೆ ನಿಂತಿದ್ದೆ. ಅಪ್ಪ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಅಮ್ಮನ ಮಾತು ಮೀರಿದ್ದು ಅದುವರೆಗೆ ಇರಲಿಲ್ಲ. ಆದರೆ ತಮ್ಮಣ್ಣನವರ ಬರಿಗಾಲು ಕಂಡಿತು. ಕಣ್ಣು ಊದಿಕೊಂಡಿತ್ತು. ಹೋಗಿ ಬರೆದೆ. ಬೆನ್ನ ಹಿಂದೆ ಅಮ್ಮ ಕಾಫಿಯನ್ನು ಬೇವಿನಮರದ ಬುಡಕ್ಕೆ ಚೆಲ್ಲಿದ ಸದ್ದು ಕೇಳಿಸಿತು. ತಮ್ಮಣ್ಣನವರು ಹೊರಟುಹೋದರು. ಅಮ್ಮ ನನ್ನ ಇನ್ನೊಂದು ಜಡೆ ಹಾಕಲಿಲ್ಲ. ಅವತ್ತು ನಾನು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋದೆ.

ಅಮ್ಮ ಎಂಟು ದಿನ ನನ್ನೊಡನೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಬಡಿಸುತ್ತಿದ್ದಳು, ಕಣ್ಣೆತ್ತಿ ನೋಡುತ್ತಿರಲಿಲ್ಲ. ತಾತನೊಡನೆಯೂ ಅಷ್ಟೇ. ಅಪ್ಪ ಯಾರ ಪಕ್ಷ ಹಿಡಿಯುವುದೆಂದು ತಿಳಿಯದೆ ಓವರ್‌ಟೈಂ ಮಾಡಿದ. ನಾನು ಮಾಡಿದ್ದು ತಪ್ಪೋ ಸರಿಯೋ ಎಂದು ಹೊದ್ದು ಮಲಗಿದರೂ ತೀರ್ಮಾನವಾಗುತ್ತಿರಲಿಲ್ಲ. ಒಂದು ಸಲ ದೊಡ್ಡಮ್ಮ ಮೇಲಿಂದ ಕಾಫಿ ಹೊಯ್ದದ್ದು ನೆನಪಾಗಿ ಅಮ್ಮನದೇ ಸರಿ ಅನ್ನಿಸುತ್ತಿತ್ತು. ಇನ್ನೊಂದು ಸಲ ಆ ಬರಿಗಾಲು ನೆನಪಾಗುತ್ತಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ತಮ್ಮಣ್ಣನವರು ಮತ್ತೆ ಬಂದರು. ಈ ಸಲ ಚಪ್ಪಲಿ ಇತ್ತು. ತಿಥಿ ನಾಡಿದ್ದು, ಊರಿಗೆಲ್ಲ ಊಟ, ಬೋರ್ಡಿನ ಮೇಲೆ ಬರೆಸಬೇಕು. ಅಮ್ಮ ಕಾಫಿ ತಂದಳು. ತಮ್ಮಣ್ಣನವರು ಕೈ ಅಡ್ಡ ಮಾಡಿದರು.

"ಬೇಡಮ್ಮ. ಈಗ ತಾನೇ ಕುಡ್ಕೊಂಡು ಬಂದೆ."

ನಾನು ಸೀಮೆಸುಣ್ಣ ತೆಗೆದುಕೊಂಡಿದ್ದೆ. ತಾತ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

"ಬರೀಬೇಡ ಮಗ" ಎಂದ. ಆಮೇಲೆ ತಮ್ಮಣ್ಣನವರ ಮುಖ ನೋಡಿ ಹೇಳಿದ: "ಅವತ್ತು ನೀವು ಹೇಳಿದ್ದು ನಿಜ. ಅದಕ್ಕೆ ಬರೆಸ್ದೆ. ಇವತ್ತು ಹೇಳಿದ್ದು ನಿಜ ಅಲ್ಲ."

"ಮುನಿಯಾ, ಹತ್ತಿರತ್ತಿರ ನೂರೈವತ್ತು ಮನೆಗೆ ಹೇಳ್ಬೇಕು. ಬೇರೆ ಯಾರ್ ಹೇಳ್ತಾರೆ?"

"ನಾನ್ ನಡಕೊಂಡೇ ಹೇಳ್ತಿದ್ದೆ. ನೀವೂ ನಡೀರಿ."

ತಾತ ಆ ಮನೆಯವರಿಗೆ ಎದುರು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ತಮ್ಮಣ್ಣನವರು ಕೆಂಪಗಾಗಿ ತಿರುಗಿ ಹೋದರು. ಅಮ್ಮ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಆ ಕಾಫಿಯನ್ನು ಅವಳು ಈ ಸಲ ಚೆಲ್ಲಲಿಲ್ಲ, ತಂದು ತಾತನ ಕೈಗೆ ಕೊಟ್ಟಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು ಎರಡು ಜಡೆ ಹಾಕಿದಳು, ಬಿಗಿಯಾಗಿ, ನೋಯುವಷ್ಟು.

ಅವತ್ತು ಭಾನುವಾರ, ಆದರೂ ಅಪ್ಪ ಓವರ್‌ಟೈಮಿಗೆ ಹೋಗಿದ್ದ. ತಮ್ಮಣ್ಣನವರು ನಿಜವಾಗಿಯೂ ನಡೆದರು. ಅವರ ಮನೆಯ ಆಳು ತನ್ನ ನೆಂಟರ ಮದುವೆಗೆ ಹೋಗಿದ್ದನಂತೆ. ಇದ್ದ ಒಬ್ಬ ತಮ್ಮ ಅಡಿಗೆಯ ಸಾಮಾನಿಗೆ ಮಾರ್ಕೆಟ್ಟಿಗೆ ಹೋಗಿದ್ದನಂತೆ. ಊರಿನ ಮೇಲುಬೀದಿಯಿಂದ ಶುರುಮಾಡಿ ಒಂದೊಂದೇ ಬಾಗಿಲು ತಟ್ಟಿದರು. ಆಡಲು ಹೋದ ಹುಡುಗರು ಗಳಿಗೆಗೊಂದು ವರದಿ ತರುತ್ತಿದ್ದರು. ಮೇಷ್ಟ್ರ ಮನೆ ಆಯಿತು, ಶೆಟ್ಟರ ಮನೆ ಆಯಿತು, ಕೆಳಬೀದಿಯಲ್ಲಿ ಒಬ್ಬ ಅಜ್ಜಿಗೆ ಕಿವಿ ಕೇಳದೆ ಮೂರು ಸಲ ಹೇಳಬೇಕಾಯಿತು. ಕೆಲವರು ಸಾವು ಹೇಗಾಯಿತು ಎಂದು ಮೊದಲಿಂದ ಕೇಳಿದರು, ಪ್ರತಿ ಮನೆಯಲ್ಲೂ ಅದನ್ನೇ ಹೇಳಬೇಕು. ಬಾಗಿಲು ಹಾಕಿದ್ದ ಮನೆಗಳಿಗೆ ಮತ್ತೆ ಹೋಗಬೇಕು. ತಾತ ಕಲ್ಲುಚಪ್ಪಡಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಒಮ್ಮೆಯೂ ನಗಲಿಲ್ಲ. ಬಿಸಿಲು ಏರಿದಾಗ ಮಾತ್ರ ಗೊಣಗಿದ.

"ಟೋಪಿನಾದ್ರೂ ಹಾಕ್ಕೋಬೇಕಿತ್ತು."

ಸಾಯಂಕಾಲ ನಾಲ್ಕರ ಹೊತ್ತಿಗೆ ಅವರು ಕೇರಿಗೆ ಬಂದರು. ಹನ್ನೊಂದು ಮನೆ ಮುಗಿಸಿ ಕೊನೆಗೆ ನಮ್ಮ ಮನೆ. ಅಂಗಿ ಬೆನ್ನಿಗೆ ಅಂಟಿತ್ತು, ಕಾಲಿಗೆಲ್ಲ ಧೂಳು. ಹೊಸಿಲಿನಾಚೆ ನಿಂತರು, ಸುದ್ದಿ ಹೇಳುವವರು ನಿಲ್ಲುವ ಜಾಗದಲ್ಲೇ. ದನಿ ಪೂರ್ತಿ ಒಡೆದುಹೋಗಿತ್ತು.

"ಮುನಿಯಪ್ಪ, ನಾಡಿದ್ದು ನಮ್ಮಮ್ಮನ ತಿಥಿ. ಎಲ್ಲಾರೂ ಬರ್ಬೇಕು."

"ಬತ್ತೀವಿ" ಎಂದ ತಾತ.

ಅವರು ಹೋಗಲಿಲ್ಲ. ಒಮ್ಮೆ ಕೆಮ್ಮಿದರು. ಗಂಟಲು ಸವರಿಕೊಂಡರು.

"ಕುಡಿಯಕ್ಕೆ ಏನಾದ್ರೂ ಕೊಡಮ್ಮ."

ಅಮ್ಮ ಊದುಬತ್ತಿಯ ಮಣೆಯಿಂದ ತಲೆ ಎತ್ತಿ ಅವರನ್ನು ತುಂಬ ಹೊತ್ತು ನೋಡಿದಳು.

"ಕಾಫಿ ಐತೆ."

"ಅದೇ ಕೊಡು."

"ಒಳಕ್ಕೆ ಬನ್ನಿ."

ಬಂದರು. ಬಾಗಿಲ ಕಡೆ ಬೆನ್ನು ಮಾಡಿ ಚಾಪೆಯ ತುದಿಯಲ್ಲಿ ಕೂತರು. ಹೊರಗಿನವರಿಗೆ ಕಾಣಬಾರದು ಎಂದೇ ಇರಬೇಕು. ಅಮ್ಮ ಕೈಯ ಮಸಿ ತೊಳೆದುಕೊಂಡು ಕಾಫಿ ಕಾಯಿಸಿ ತಂದಳು. ಸುಡುತ್ತಿದೆ ಎಂಬುದನ್ನೂ ನೋಡದೆ ಅವರು ಒಂದೇ ಉಸಿರಿಗೆ ಕುಡಿದು ಲೋಟವನ್ನು ಮತ್ತೆ ಮುಂದೆ ಚಾಚಿದರು. ಅಮ್ಮ ಮತ್ತೆ ಬಗ್ಗಿಸಿದಳು. ಇದರಿಂದ ಅವರು ಬೇರೆ ಮನುಷ್ಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಹೆಂಡತಿ ಕೊನೆಯ ತನಕ ನಮ್ಮ ಕೇರಿಗೆ ಕಾಲಿಡಲಿಲ್ಲ. ತಿಥಿಯ ದಿನ ನಮ್ಮನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತಾರೋ ಎಂದು ಅಪ್ಪ ಹೋಗಲೇ ಇಲ್ಲ. ಆದರೆ ಆ ಸಾಯಂಕಾಲ ನಡೆದದ್ದು ನಡೆಯಿತು.

ತಾತ ಜೇಬಿನಿಂದ ಸೀಮೆಸುಣ್ಣ ತೆಗೆದು ನನಗೆ ಕೊಟ್ಟ.

"ಈಗ ಬರಿ ಮಗ."

"ಎಲ್ಲಾರಿಗೂ ಹೇಳಾಯ್ತಲ್ಲ ತಾತ. ಇನ್ಯಾರ್ ಓದ್ತಾರೆ?"

"ಬರಿ."

ನಾನು ಹೊರಗೆ ಹೋಗಿ ಬೋರ್ಡು ಒರೆಸಿ ಬರೆಯತೊಡಗಿದೆ. ಮೊದಲು ಯಾವತ್ತು, ಆಮೇಲೆ ಎಲ್ಲಿ. ತಾತ ಪಕ್ಕದಲ್ಲಿ ಬಂದು ನಿಂತ. ಕೇರಿಯ ಜನ, ಬಾವಿಗೆ ಬಂದವರು, ಬದುವಿನ ಮೇಲೆ ಊರಿಗೆ ಹೊರಟವರು, ಎಲ್ಲರೂ ನಿಂತು ನೋಡುತ್ತಿದ್ದರು. 'ದೊಡ್ಡಮ್ಮನವರ' ಎಂದು ಬರೆಯುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ತಮ್ಮಣ್ಣನವರು ಎರಡನೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಿದ್ದರು. ತಮ್ಮ ತಾಯಿಯ ಹೆಸರು ಓದಿ ಮೂಗು ಒರೆಸಿಕೊಂಡರು. ಆಮೇಲೆ ತಾತನ ಪಕ್ಕದಲ್ಲೇ, ಊರಿನ ಕಡೆ ಮುಖ ಮಾಡಿ ನಿಂತು, ಗುಟುಕು ಗುಟುಕಾಗಿ ಕಾಫಿ ಕುಡಿಯುತ್ತಾ, ನಾನು ಬರೆದು ಮುಗಿಸುವ ತನಕ ಕಾದರು.